ಕೂರದ ಮಿಸ್, ಒಪ್ಪದ ಯಂತ್ರ

ನಮ್ಮ ಮಿಸ್ ಕೂರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರ ಬಗ್ಗೆ ಯಾರು ಏನು ಕೇಳಿದರೂ ನನಗೆ ಮೊದಲು ನೆನಪಾಗುವುದು ಇದೇ. ದಾಬಸ್‌ಪೇಟೆ ಕಡೆಯ ಒಂದು ಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ಖಾಲಿ ಹೊಡೆಯುತ್ತಿದ್ದರೂ ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತೇ ಬರುವರು. ‘ಸೀಟು ಖಾಲಿ ಐತಲ್ಲ ಮೇಡಂ, ಕೂತ್ಕಳಿ’ ಎಂದು ಹೇಳಿ ಹೇಳಿ ಕಂಡಕ್ಟರಿಗೇ ಸಾಕಾಗಿ ಹೋಗಿತ್ತು. ಟೀ ತರಿಸಿದರೆ ಅರ್ಧ ಲೋಟ ಕುಡಿದು, ಇನ್ನರ್ಧ ಎಲ್ಲಿಟ್ಟೆ ಅಂತ ಹುಡುಕುತ್ತಾ ಓಡಾಡುವರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಸೀಮೆಸುಣ್ಣದ ಚೂರು ಉರುಳಿಸುತ್ತಾ, ಗೋಡೆಯಿಂದ ಗೋಡೆಗೆ ನಡೆಯುವರು. ಅವರನ್ನು ನೋಡುತ್ತಾ ಕೂತರೆ ನಮಗೆ ಕತ್ತು ನೋವು ಬರುತ್ತಿತ್ತು.

ಕಳೆದ ತಿಂಗಳು ಹೋಗಿಬಿಟ್ಟರು. ಸುದ್ದಿ ಬಂದಾಗಿನಿಂದ ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಹಾಲು ಒಲೆಯ ಮೇಲಿಟ್ಟು ಮರೆಯುತ್ತೇನೆ, ಬಾಗಿಲಿಗೆ ಹೋಗಿ ಬರುತ್ತೇನೆ. ಮನೆಯವರು ‘ಏನಾಗಿದೆ ನಿಂಗೆ?’ ಎಂದರೆ ರೇಗುತ್ತೇನೆ. ಬರೆದರೆ ಸ್ವಲ್ಪ ಸಮಾಧಾನ ಆದೀತೇನೋ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವಿಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸೀರೆ ಅಂಗಡಿ, ಅದರ ಮಹಡಿಯ ಮೇಲೆ ಕಂಪ್ಯೂಟರ್ ಸೆಂಟರು. ಎರಡಕ್ಕೂ ಒಬ್ಬರೇ ಸಾಹುಕಾರರು. ಮೂರು ಕಂಪ್ಯೂಟರು, ಅವಕ್ಕೆ ಮಖಮಲ್ಲಿನ ಹೊದಿಕೆ. ಒಳಗೆ ಹೋಗಬೇಕಾದರೆ ದೇವಸ್ಥಾನದ ಹಾಗೆ ಚಪ್ಪಲಿ ಬಿಡಬೇಕು. ಕಲಿಯಲು ಹೋಗುತ್ತಿದ್ದವರು ನಾವು ಎಂಟು ಜನ. ನನ್ನನ್ನೂ ಸೇರಿಸಿ ಏಳು ಜನ ಮಗ್ಗದ ಮನೆಯವರು. ಎಂಟನೆಯವನು ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಒಬ್ಬ ಕ್ಲರ್ಕಿನ ಮಗ. ಅವನನ್ನು ‘ಬ್ಯಾಂಕು’ ಎಂದೇ ಕರೆಯುತ್ತಿದ್ದೆವು. ಊರಿನ ತುಂಬಾ ವಿದ್ಯುತ್ ಮಗ್ಗಗಳು ಟಕಟಕ ಅನ್ನುತ್ತಿದ್ದರೆ ಕಂಪ್ಯೂಟರಿನ ಪರದೆ ಆಗಾಗ ಕುಗ್ಗಿ ಹಿಗ್ಗುವುದು. ಬರೆದದ್ದನ್ನೆಲ್ಲ ನುಂಗಿ ಆರಿಹೋಗುವುದೂ ಉಂಟು. ಆಗ ಮಿಸ್, ‘ನಿಮ್ಮಪ್ಪಂದಿರ ಮಗ್ಗ ನನ್ನ ಕಂಪ್ಯೂಟರ್ ಜೀವ ಹಿಂಡ್ತಾವೆ ಕಣ್ರೇ’ ಎಂದು ಬೈಯುತ್ತಾ, ಕರೆಂಟು ನೆಟ್ಟಗಾಗುವ ತನಕ ಮೆಟ್ಟಿಲು ಹತ್ತಿ ಇಳಿದು ಮಾಡುವರು.

ಬೆಂಗಳೂರಿನ ಯಾವುದೋ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದು, ಮೇಲಿನವರ ಜೊತೆ ಜಗಳವಾಡಿ ಬಂದಿದ್ದರಂತೆ. ಮದುವೆ ಆಗಿರಲಿಲ್ಲ. ಊರವರಿಗೆ ಆ ಬಗ್ಗೆ ಬಾಯಿ ತುಂಬ ಮಾತು. ಅವರಿಗೆ ಕೇಳಿಸಿಕೊಳ್ಳಲು ಪುರಸೊತ್ತಿರಲಿಲ್ಲ.

ಮೊದಲ ದಿನ ಅವರು ಒಳಗೆ ಬಂದ ಕೂಡಲೇ ನಾವೆಲ್ಲ ಎದ್ದು ನಿಂತೆವು. ಸ್ಕೂಲಿನ ಅಭ್ಯಾಸ. ‘ಕೂತ್ಕೊಳ್ರೋ, ಕೂತ್ಕೊಳ್ರೇ’ ಎಂದರು. ‘ನಾನು ನಿಂತಿರೋವರ್ಗೂ ನೀವು ಕೂತು ಯೋಚ್ನೆ ಮಾಡಿ. ನಾನು ಕೂತ ದಿವ್ಸ ನೀವು ಎದ್ದು ನಿಂತ್ಕೊಳ್ಳಿ. ಆಗ ಇನ್ನು ನಿಮ್ದೇ ಕೆಲ್ಸ ಅಂತ ತಿಳ್ಕೊಳ್ಳಿ.’ ನಾವು ಕಿಸಕ್ಕನೆ ನಕ್ಕೆವು. ಇವರು ಕೂತ ಹಾಗೂ ಆಯಿತು, ನಾವು ಎದ್ದ ಹಾಗೂ ಆಯಿತು ಅಂತ.

ಬೇರೆ ಸೆಂಟರುಗಳಲ್ಲಿ ಪುಸ್ತಕ ನೋಡಿ ಬರೆಸುತ್ತಿದ್ದರು. ನಮ್ಮ ಮಿಸ್ ತಾವೇ ಕೂತು, ತಪ್ಪಾಯಿತು, ತಾವೇ ನಿಂತು ಒಂದು ಯಂತ್ರ ಕಟ್ಟಿದ್ದರು. ಯಂತ್ರ ಅನ್ನುತ್ತಿದ್ದದ್ದು ಅವರು. ನಿಜವಾಗಿ ಅದೊಂದು ಪ್ರೋಗ್ರಾಮು, ಒಂದು ಫ್ಲಾಪಿಯಲ್ಲಿ ಹಿಡಿಸುವಷ್ಟು. ಆಗ ಈಗಿನ ಹಾಗೆ ಚಿತ್ರ ಒತ್ತಿದರೆ ಏನೋ ತೆರೆಯುವ ಕಾಲವಲ್ಲ. ಕಪ್ಪು ಪರದೆ, ಮಿಣಮಿಣ ಅನ್ನುವ ಒಂದು ಗೀಟು. ಅಲ್ಲಿ ಮಾತು ಟೈಪು ಮಾಡಿ ಎಂಟರ್ ಒತ್ತಬೇಕು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆವು. ‘ಒಗಟು’ ಎಂದು ಬರೆದರೆ ಆ ವಾರದ ಲೆಕ್ಕ ಪರದೆಯ ಮೇಲೆ ಬರುವುದು. ಅದನ್ನು ಬಿಡಿಸಲು ನಾವು ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯಬೇಕು. ಬರೆದಾದ ಮೇಲೆ ‘ಒಪ್ಪಿಸು’ ಎನ್ನಬೇಕು, ಮಗ್ಗಿ ಒಪ್ಪಿಸಿದ ಹಾಗೆ. ಆಗ ಯಂತ್ರ ತನ್ನೊಳಗೆ ಬಚ್ಚಿಟ್ಟುಕೊಂಡ ಅಂಕಿಗಳನ್ನು ನಮ್ಮ ಪ್ರೋಗ್ರಾಮಿಗೆ ಕೊಟ್ಟು, ಬಂದ ಉತ್ತರವನ್ನು ಮಿಸ್ಸಿನ ಉತ್ತರದ ಜೊತೆ ಹೋಲಿಸಿ ನೋಡುವುದು. ಎಲ್ಲ ಹೊಂದಿದರೆ ‘ಸರಿ’. ಒಂದು ಹೊಂದದಿದ್ದರೂ ‘ಇನ್ನೊಮ್ಮೆ’. ‘ಯಾರ್ಯಾರು’ ಎಂದರೆ ಬಿಡಿಸಿದವರ ಹೆಸರು ಸಾಲಾಗಿ ಬರುವುದು.

ಎಲ್ಲಿ ತಪ್ಪಿದೆ ಅಂತ ಮಾತ್ರ ಅದು ಬಾಯಿ ಬಿಡುತ್ತಿರಲಿಲ್ಲ. ಗೋಳಾಡಿದರೆ ಮಿಸ್, ‘ಯಂತ್ರ ಸುಳ್ಳು ಹೇಳಲ್ಲ. ಇನ್ನೊಮ್ಮೆ ಅಂದ್ರೆ ಇನ್ನೊಮ್ಮೆ’ ಎಂದು ನಡೆದುಬಿಡುವರು.

ನನಗೆ ಅದರ ಹುಚ್ಚು ಹಿಡಿಯಿತು. ಮನೆಯಲ್ಲಿ ಕಂಡಿಕೆ ಸುತ್ತುವಾಗಲೂ, ಅಂದರೆ ಲಾಳಿಯೊಳಗಿನ ನೂಲು ಸುತ್ತುವಾಗಲೂ, ತಲೆಯೊಳಗೆ ಒಗಟು ತಿರುಗುತ್ತಿತ್ತು. ‘ಯಾರ್ಯಾರು’ ಸಾಲಿನ ಮೊದಲ ಹೆಸರು ನನ್ನದೇ ಇರಬೇಕು ಅನ್ನುವ ಹಟ. ಇನ್ನೊಂದು ಕಾರಣವೂ ಇತ್ತು. ಹಿಂದೂಪುರದಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗ ಹೇಗಿದ್ದನೋ ಏನೋ, ನನಗಂತೂ ಆಗ ಯಾರೂ ಬೇಕಿರಲಿಲ್ಲ. ಕ್ಲಾಸು ಮುಗಿಯುವವರೆಗೆ ಆ ಮಾತು ಎತ್ತಬಾರದೆಂದು ಮೂರು ಹೊತ್ತು ಅತ್ತು ಕರೆದು ಅಪ್ಪನನ್ನು ಒಪ್ಪಿಸಿದ್ದೆ. ಕ್ಲಾಸು ಇರುವ ತನಕ ನಾನು ಉಳಿದೆ, ಕ್ಲಾಸು ಹೋದರೆ ಹಿಂದೂಪುರ. ಅಷ್ಟು ಸರಳ.

ಹೀಗಿರುವಾಗ ಆ ಲೆಕ್ಕ ಬಂತು. ನಮ್ಮೂರಿನ ಮಕ್ಕಳಿಗೆ ಖುಷಿಯಾಗಲಿ ಅಂತ ಮಿಸ್ ಮಗ್ಗದ ಒಗಟನ್ನೇ ಮಾಡಿದ್ದರು. ಒಂದು ಮನೆಯಲ್ಲಿ ಇಷ್ಟು ಮಗ್ಗ. ಒಂದು ಮಗ್ಗಕ್ಕೆ ದಿನಕ್ಕೊಂದು ಸೀರೆ. ಹಬ್ಬಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ವಾಡಿಕೆಯ ರಜಾ ಮಾತ್ರ ಕಳೆಯಿರಿ. ಈ ವರ್ಷದ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಎಷ್ಟು ಸೀರೆ? ಉದಾಹರಣೆಗೆ ಒಂದು ಸೋಮವಾರದಿಂದ ಗುರುವಾರದವರೆಗೆ ಕೊಟ್ಟಿದ್ದರು. ನಾಲ್ಕು ದಿನ, ಎರಡು ಮಗ್ಗ, ಎಂಟು ಸೀರೆ.

‘ಅಯ್ಯೋ, ಇಷ್ಟೇನಾ!’ ಎಂದು ಬರೆದು, ಎಲ್ಲರಿಗಿಂತ ಮೊದಲು ಒಪ್ಪಿಸಿದೆ. ‘ಇನ್ನೊಮ್ಮೆ’ ಎಂದಿತು. ಮತ್ತೆ ನೋಡಿದೆ. ತಪ್ಪೇ ಇಲ್ಲ. ಮತ್ತೆ ಒಪ್ಪಿಸಿದೆ. ‘ಇನ್ನೊಮ್ಮೆ.’ ಪಕ್ಕದವಳಿಗೂ ಇನ್ನೊಮ್ಮೆ, ಅವಳ ಪಕ್ಕದವನಿಗೂ ಇನ್ನೊಮ್ಮೆ. ವಾರವೆಲ್ಲ ಹೀಗೇ. ಊಟ ಮೈಗೆ ಹತ್ತಲಿಲ್ಲ. ಬ್ಯಾಂಕಿಗೆ ಮಾತ್ರ ಮೊದಲ ಸಲವೇ ‘ಸರಿ’ ಅಂದಿತು. ಅವನು ಬೀಗುತ್ತಾ ಓಡಾಡಿದ್ದನ್ನು ನೋಡಿ ಮೈ ಉರಿದುಹೋಯಿತು.

ವಾರದ ಕೊನೆಗೆ ಮಿಸ್ ಎಲ್ಲರ ಪ್ರೋಗ್ರಾಮನ್ನೂ ಕರಕರ ಅನ್ನುವ ಪ್ರಿಂಟರಿನಲ್ಲಿ ತೆಗೆಸಿ, ಗೋಡೆಯಿಂದ ಗೋಡೆಗೆ ನಡೆಯುತ್ತಾ ಓದಿದರು. ಓದುತ್ತಾ ಓದುತ್ತಾ ಅವರ ನಡಿಗೆ ಜೋರಾಯಿತು. ಆಮೇಲೆ ನಿಂತರು.

‘ಏಳು ಜನದ್ರಲ್ಲೂ ಇದೊಂದು ಸಾಲು ಐತೆ. ಅವೇ ಅಂಕಿ, ಅದೇ ವರಸೆ. ಒಬ್ರು ಬರ್ದಿದ್ದನ್ನ ಆರು ಜನ ಕಾಪಿ ಹೊಡ್ದಿದ್ದೀರಿ. ಯಾರ್ದು ಇದು?’

ಕಾಪಿ ಹೊಡೆದಿದ್ದರಲ್ಲವೇ ಹೇಳುವುದು?

‘ನಾನು ಕ್ಯಾಲೆಂಡರ್ ನೋಡಿ ಬರ್ದೆ ಮಿಸ್’ ಎಂದೆ ನಾನು.

‘ಏಳು ಜನಾನೂ ಕ್ಯಾಲೆಂಡರ್ ನೋಡಿದ್ರಾ?’

‘ಹೂಂ ಮಿಸ್. ಇನ್ನೇನು ನೋಡ್ಬೇಕಿತ್ತು?’

ನಾನು ಕೇಳಿದ್ದು ನಿಜವಾಗಿಯೂ ಗೊತ್ತಾಗದೆ. ಅವರಿಗದು ಅಧಿಕಪ್ರಸಂಗದ ಹಾಗೆ ಕೇಳಿಸಿತು. ಮುಖ ಕೆಂಪಗಾಯಿತು.

‘ಮೊದ್ಲು ಒಪ್ಸಿದ್ದು ನೀನು. ಮೂಲ ನಿಂದೇ. ಒಬ್ನು ಮಾತ್ರ ಸ್ವಂತ ತಲೆ ಓಡ್ಸಿ ಸರಿ ಮಾಡವ್ನೆ, ನೋಡಿ ನಾಚ್ಕೊಳ್ಳಿ. ಕಾಪಿ ಕೊಟ್ಟೆ ಅಂತ ಒಪ್ಕೊಂಡ್ರೆ ನಾಳೆ ಒಳಗೆ ಬಾ, ಇಲ್ದಿದ್ರೆ ನಿಮ್ಮಪ್ಪನ್ನ ಕರ್ಕೊಂಡು ಬಾ ಪದ್ಮಾ.’

‘ಮಾಡ್ದೇ ಇರೋದನ್ನ ನಾನ್ಯಾಕೆ ಒಪ್ಕೊಳ್ಲಿ?’ ಎಂದು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಮೂಗಿನ ತುದಿಯಲ್ಲೇ ಕೋಪ ನನಗೆ, ಆಗಲೂ ಈಗಲೂ.

ಮನೆಯಲ್ಲಿ ಅಪ್ಪ ಮಗ್ಗದ ಸದ್ದಿನ ನಡುವೆ ಅರ್ಧ ಕೇಳಿಸಿಕೊಂಡರು. ‘ಕದಿಯಾಕೆ ನಾನು ಫೀಜು ಕಟ್ಟಿ ಕಳಿಸ್ಬೇಕಾ?’

‘ಕದ್ದಿಲ್ಲಪ್ಪ!’

‘ಕದೀದೇ ಅವರ್ಯಾಕೆ ಅಂತಾರೆ? ಮಗ್ಗ ಬಿಟ್ಟು ನಾನು ಎಲ್ಲಿಗೂ ಬರಾಕಾಗಲ್ಲ. ಸಾಕು ನಿನ್ನ ಕಂಪೂಟ್ರು. ಹಿಂದೂಪುರದೋರಿಗೆ ಬರಾಕೆ ಹೇಳ್ತೀನಿ.’

ಹಿಂದೂಪುರಕ್ಕೆ ಹೇಳಿಕಳಿಸಿಯೂ ಆಯಿತು. ಆ ದಿನಗಳನ್ನು ಹೇಗೆ ಕಳೆದೆನೋ. ಒಳಗಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಗೆ. ಅಮ್ಮ, ‘ಮರಿ ಹಾಕೋ ಬೆಕ್ಕಿನಂಗೆ ಸುತ್ಬೇಡ ಕಣೇ’ ಎಂದು ಗದರುತ್ತಿದ್ದಳು. ಸೆಂಟರಿನಲ್ಲೂ ನೆಮ್ಮದಿ ಇರಲಿಲ್ಲವೆಂದು ಆಮೇಲೆ ಬ್ಯಾಂಕು ಹೇಳಿದ. ನಾನು ಬಂದ ಮೇಲೆ ಮಿಕ್ಕ ಆರು ಜನವೂ ಹೋಗಲಿಲ್ಲ. ಸಾಹುಕಾರರು ಮಿಸ್ಸಿಗೆ, ‘ಏನಮ್ಮಾ, ಹುಡುಗರನ್ನೆಲ್ಲ ಓಡಿಸಿಬಿಟ್ರೆ ನಾನು ಗೋಡೆಗೆ ಪಾಠ ಹೇಳಿಸ್ಲಾ?’ ಎಂದು ರೇಗಿದ್ದರು. ಮಿಸ್ ಒಂಟಿ ಹುಡುಗನ ಸುತ್ತ ನಡೆಯುತ್ತಾ, ‘ಯಂತ್ರ ಸುಳ್ಳು ಹೇಳಲ್ಲ, ಯಂತ್ರ ಸುಳ್ಳು ಹೇಳಲ್ಲ’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರಂತೆ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಆ ದಿನ ಸೆಂಟರಿಗೂ ರಜಾ, ಸಾಹುಕಾರರು ಬಾಗಿಲು ತೆಗೆಯುತ್ತಿರಲಿಲ್ಲ. ಅದು ಅವರ ಮಡಿ ಮೈಲಿಗೆಯ ಗೀಳು ಅಂತ ಮಿಸ್ ತಿಳಿದಿದ್ದರು. ಹಾಗಾಗಿ ಅಮಾವಾಸ್ಯೆಯ ದಿನ ಅವರು ನಮ್ಮೂರನ್ನು ಕಂಡವರೇ ಅಲ್ಲ. ಆವತ್ತು ಮಾತ್ರ ತಡೆಯಲಾರದೆ, ಅಪ್ಪ ಬರದಿದ್ದರೆ ನಾನೇ ಹೋಗಿ ಮಾತಾಡುತ್ತೇನೆಂದು ಬಸ್ಸು ಹತ್ತಿ ಬಂದುಬಿಟ್ಟರು.

ನಾನು ಮಗ್ಗದ ಮುಂದೆ ರಂಗೋಲಿ ಹಾಕುತ್ತಿದ್ದೆ. ಅಪ್ಪ ಮಗ್ಗ ಒರೆಸಿ, ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕುಯ್ಯುತ್ತಿದ್ದರು. ತಲೆ ಎತ್ತಿದರೆ ಬಾಗಿಲಲ್ಲಿ ಮಿಸ್, ಕೈಯಲ್ಲಿ ಕೊಡೆ. ಅವರು ನನ್ನನ್ನು ನೋಡಲೇ ಇಲ್ಲ. ಬೀದಿಯ ಕಡೆ ತಿರುಗಿ ಕಿವಿಗೊಟ್ಟು ನಿಂತಿದ್ದರು.

‘ಏನಿದು, ಊರಲ್ಲಿ ಕರೆಂಟ್ ಇಲ್ವಾ?’

‘ಐತಲ್ಲಮ್ಮಾ’ ಎಂದು ಅಪ್ಪ ತಿರುಗುತ್ತಿದ್ದ ಫ್ಯಾನು ತೋರಿಸಿದರು.

‘ಮತ್ತೆ ಮಗ್ಗದ ಸದ್ದೇ ಇಲ್ಲ?’

‘ಅಮಾವಾಸ್ಯೆ ಅಲ್ವೇನಮ್ಮಾ. ಅಮಾವಾಸ್ಯೆ ದಿನ ಮಗ್ಗ ಯಾರು ಆಡಿಸ್ತಾರೆ?’

‘ಭಾನುವಾರ ಅಲ್ವಾ ರಜಾ?’

ಅಪ್ಪ ನಕ್ಕರು. ‘ಭಾನುವಾರ ಆಫೀಸ್ನೋರಿಗೆ. ಮಗ್ಗಕ್ಕೆ ಯಾವ ಭಾನುವಾರ?’

ಮಿಸ್ಸಿನ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಕ್ಯಾಲೆಂಡರು ನೇತಾಡುತ್ತಿತ್ತು. ಎರಡೇ ಹೆಜ್ಜೆಗೆ ಅದರ ಮುಂದೆ ಹೋಗಿ, ಹಾಳೆ ಮಗುಚಿ ಮಗುಚಿ, ಕಪ್ಪು ಚುಕ್ಕೆ ಇದ್ದ ತಾರೀಕುಗಳನ್ನು ಬೆರಳಿಟ್ಟು ಓದಿದರು. ಏಳು ಜನರ ಪ್ರೋಗ್ರಾಮಿನಲ್ಲೂ ಇದ್ದ ಅದೇ ಸಾಲು. ಅವರು ಯಂತ್ರದೊಳಗೆ ಭಾನುವಾರಗಳನ್ನು ಕಳೆದಿದ್ದರು. ನಾವು ಏಳು ಜನ, ಒಬ್ಬರನ್ನೊಬ್ಬರು ಕೇಳದೆ, ಅಮಾವಾಸ್ಯೆಗಳನ್ನು ಕಳೆದಿದ್ದೆವು. ರಜಾ ಅಂದರೆ ಅಮಾವಾಸ್ಯೆ ಅಂತ ಬಾಯಿಬಿಟ್ಟು ಹೇಳಬೇಕು ಅನ್ನುವುದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಬ್ಯಾಂಕಿಗೆ ಹೇಗೆ ಸರಿಯಾಯಿತು ಅನ್ನುವುದೂ ನನಗೆ ಆಗಲೇ ಹೊಳೆದದ್ದು.

ಅಪ್ಪನಿಗೆ ಇದೆಲ್ಲ ಏನೂ ತಿಳಿಯದು. ಮಾತಿಗೆ ಮಾತು ಸೇರಿಸಿದರು. ‘ನಿಮ್ದು ಬೇಸಾಯದ ಮನೇನಾಮ್ಮಾ?’

‘ಹೂಂ.’

‘ಸೋಮವಾರ ಎತ್ತು ಹೂಡ್ತೀರಾ?’

‘ಛೆ ಛೆ, ಸೋಮವಾರ ಯಾರು ಹೂಡ್ತಾರೆ? ಬಸವಣ್ಣನ ದಿನ’ ಎಂದು ಮಿಸ್ ಥಟ್ಟನೆ ಅಂದರು. ಅಂದ ಮೇಲೆ ಅಲ್ಲೇ, ನಮ್ಮ ಹೊಸ್ತಿಲ ಮೇಲೆ, ಕುಸಿದು ಕೂತರು.

ಮಿಸ್ ಕೂತರು! ನಾನು ರಂಗೋಲಿ ಬಟ್ಟಲು ಹಿಡಿದು ಎದ್ದು ನಿಂತೆ. ನಿಲ್ಲಬೇಕು ಅಂತ ನಿಂತದ್ದಲ್ಲ, ಮೈಯೇ ಎದ್ದಿತು.

ಅಷ್ಟರಲ್ಲಿ ಒಳಗಿನಿಂದ ಅಜ್ಜಿ, ‘ಅಮಾವಾಸ್ಯೆ ದಿನ ಹೊಸ್ತಿಲ ಮ್ಯಾಲೆ ಕೂತ್ಕಂತಾರೇನೇ ತಾಯಿ, ಎದ್ದೇಳು!’ ಎಂದು ಕೂಗಿದಳು. ಪಾಪ, ನೆಟ್ಟಗೆ ಒಂದು ಗಳಿಗೆ ಕೂರಲೂ ಬಿಡಲಿಲ್ಲ. ಅಮ್ಮ ಮಣೆ ತಂದು ಹಾಕಿದಳು. ಮಿಸ್ ಮಣೆಯನ್ನು ನೋಡಿ, ನನ್ನನ್ನು ನೋಡಿ, ‘ತಪ್ಪು ನಂದು ಪದ್ಮಾ’ ಎಂದರು. ಅಪ್ಪನ ಕಡೆ ತಿರುಗಿ, ‘ನಿಮ್ಮ ಮಗಳು ಕದ್ದೂ ಇಲ್ಲ, ಕಾಪಿ ಕೊಟ್ಟೂ ಇಲ್ಲ. ನಿಮ್ಮೂರ ಲೆಕ್ಕ ಗೊತ್ತಿಲ್ದೆ ನಾನೇ ಲೆಕ್ಕ ಕೊಟ್ಟೆ. ಎಲ್ರಿಗಿಂತ ಮೊದ್ಲು ಸರಿಯಾಗಿ ಬಿಡಿಸ್ದೋಳು ಇವಳೇ’ ಎಂದರು. ನಾನು ಅತ್ತುಬಿಟ್ಟೆ. ಅದುವರೆಗೆ ಸಿಟ್ಟಿನಲ್ಲಿ ಅಳುವುದನ್ನೂ ಮರೆತಿದ್ದೆ.

‘ಅತ್ತಿದ್ದು ಸಾಕು. ಚಪ್ಪಲಿ ಹಾಕ್ಕೋ, ನಡಿ. ಮಿಕ್ಕೋರ ಮನೆ ತೋರ್ಸು.’

ಆರು ಮನೆಗೂ ಹೋದೆವು. ಮಗ್ಗವಿಲ್ಲದ ಬೀದಿಯಲ್ಲಿ ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳುತ್ತಿತ್ತು. ನಾನು ಹಿಂದೆ ಹಿಂದೆ ಓಡಬೇಕು, ಅಷ್ಟು ಬಿರುಸು. ಪ್ರತಿ ಬಾಗಿಲಲ್ಲೂ ಅದೇ ಮಾತು. ‘ನಿಮ್ಮ ಮಕ್ಳು ಕದ್ದಿಲ್ಲ, ತಪ್ಪು ನಂದು. ನಾಳೆ ಕಳ್ಸಿ.’ ಕೆಲವರು ಕಕ್ಕಾಬಿಕ್ಕಿಯಾದರು. ಒಬ್ಬ ತಾಯಿಗೆ ಮಗನ ಮೇಲೆ ಕಳ್ಳತನದ ಮಾತು ಬಂದಿದ್ದೇ ಗೊತ್ತಿರಲಿಲ್ಲ. ಆಗ ಗೊತ್ತಾಗಿ ಅವನಿಗೆ ಎರಡು ಬಿದ್ದವು. ಎಲ್ಲರೂ ಕಾಫಿ ಕೊಟ್ಟರು. ಮಿಸ್ ಎಲ್ಲರ ಮನೆಯಲ್ಲೂ ಅರ್ಧ ಲೋಟ ಕುಡಿದು ನಡೆದರು.

ಸಂಜೆ ಅಪ್ಪ ಮಗ್ಗದ ಮುಂದಿನ ದೀಪ ಸರಿ ಮಾಡುತ್ತಾ ನನ್ನ ಕಡೆ ನೋಡದೆ ಹೇಳಿದರು: ‘ಟೀಚ್ರಾದ್ರೂ ಮನೆ ಮನೆಗೆ ಬಂದು ತಪ್ಪು ಅಂತ ಹೇಳಿದ್ರಲ್ಲ. ಹೋಗು ನಾಳೆಯಿಂದ. ಹಿಂದೂಪುರದೋರಿಗೆ ಬರಬ್ಯಾಡಿ ಅಂತ ಹೇಳ್ಕಳಿಸ್ತೀನಿ.’

ಮಾರನೆಯ ದಿನ ಬ್ಯಾಂಕು ಮುಖ ಸಣ್ಣಗೆ ಮಾಡಿಕೊಂಡು, ‘ಹಂಗಾದ್ರೆ ನಂದು ತಪ್ಪಾ ಮಿಸ್?’ ಎಂದು ಕೇಳಿದ. ‘ನಿಮ್ಮಪ್ಪನ ಬ್ಯಾಂಕಿಗೆ ನಿಂದು ಸರಿ, ಅವರಪ್ಪನ ಮಗ್ಗಕ್ಕೆ ಅವರ್ದು ಸರಿ. ತಪ್ಪಿದ್ದು ನಾನೊಬ್ಳೇ. ಕೂತ್ಕೋ’ ಎಂದರು. ‘ಯಾರ್ಯಾರು’ ಎಂದು ಟೈಪು ಮಾಡಿದರೆ ಎಂಟು ಹೆಸರೂ ಇದ್ದವು. ಮೊದಲನೆಯದು ನನ್ನದು.

ಆಮೇಲೆ ಅವರು ಯಂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದರು. ಅದುವರೆಗೆ ಅದಕ್ಕೆ ಬರುತ್ತಿದ್ದದ್ದು ಎರಡೇ ಮಾತು. ಮೂರನೆಯದೊಂದು ಕಲಿಸಿದರು. ಅವರ ಉತ್ತರಕ್ಕೆ ಹೊಂದದೆ, ಆದರೆ ತಮ್ಮತಮ್ಮಲ್ಲೇ ಹೊಂದುವ ಉತ್ತರಗಳು ಬಂದರೆ ಅದು ಹೀಗೆನ್ನುತ್ತಿತ್ತು: ‘ನೀವೇ ಸರಿ ಇರಬಹುದು. ಮಿಸ್‌ನ ಕರೀರಿ.’ ಕಪ್ಪು ಪರದೆಯ ಮೇಲೆ ಅದು ಬಂದ ಕೂಡಲೇ ನಾವು ಮಿಸ್ ಮಿಸ್ ಎಂದು ಕಿರುಚುವೆವು. ಎಷ್ಟೋ ಸಲ ತಪ್ಪು ನಮ್ಮದೇ ಇರುತ್ತಿತ್ತು, ಬೈಸಿಕೊಳ್ಳುತ್ತಿದ್ದೆವು. ಆದರೆ ಅವರ ಹಳೆಯ ಗಾದೆಗೆ ಬಾಲ ಬೆಳೆದಿತ್ತು. ‘ಯಂತ್ರ ಸುಳ್ಳು ಹೇಳಲ್ಲ, ಹೇಳ್ಕೊಟ್ಟೋರು ಹೇಳಿರ್ತಾರೆ.’

ಸೆಂಟರು ಕೆಲವು ವರ್ಷ ನಡೆದು ಮುಚ್ಚಿತು. ನಾನು ಊರಲ್ಲೇ ಉಳಿದೆ. ಸೀರೆಯ ಅಂಚಿಗೆ, ಸೆರಗಿಗೆ ಕಂಪ್ಯೂಟರಿನಲ್ಲಿ ಡಿಸೈನು ಮಾಡಿಕೊಡುತ್ತೇನೆ. ಮದುವೆಯೂ ಆಯಿತು, ನಾನು ಹೂಂ ಅಂದ ಮೇಲೆ. ಮಿಸ್ ವರ್ಷಕ್ಕೊಮ್ಮೆ ಯಾವುದಾದರೂ ಅಮಾವಾಸ್ಯೆಯ ದಿನ ಬಂದು, ಅರ್ಧ ಲೋಟ ಕಾಫಿ ಕುಡಿದು, ‘ಸದ್ದಿಲ್ದೆ ಇದ್ರೆ ನಿಮ್ಮೂರು ಚೆನ್ನಾಗಿರಲ್ಲ ಕಣೇ’ ಎಂದು ಹೋಗುತ್ತಿದ್ದರು. ಕೂತ್ಕೊಳ್ಳಿ ಎಂದು ನಾನು ಹೇಳುತ್ತಿರಲಿಲ್ಲ.

ಬ್ಯಾಂಕೇ ಫೋನು ಮಾಡಿ ಸುದ್ದಿ ಹೇಳಿದ್ದು. ಎಂಟು ಜನವೂ ಹೊರಟೆವು. ದಾಬಸ್‌ಪೇಟೆ ದಾಟಿ, ಕಾರ್ಖಾನೆಗಳ ಗೋಡೆ ಮುಗಿದ ಮೇಲೆ, ರಾಗಿ ಹೊಲದ ನಡುವೆ ಅವರ ಮನೆ. ಸೋಮವಾರವೇ ಆಗಿತ್ತು. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರು ಉಳುತ್ತಿತ್ತು. ಅದಕ್ಕೆ ಯಾವ ಸೋಮವಾರ?

ಅವರ ಕಡೆ, ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಿಗೆ ಬಂದಿರಲಿಲ್ಲ. ಚಪ್ಪರದ ಕೆಳಗೆ, ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು, ಕಾಲು ಮಡಿಸಿ ನಮ್ಮ ಮಿಸ್ ಕೂತಿದ್ದರು. ಕೈ ಮಡಿಲಲ್ಲಿತ್ತು. ಆ ಕೈ ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ದುಃಖಕ್ಕಿಂತ ಮೊದಲು ನನಗೆ ಕೋಪ ಬಂತು. ಯಾರ ಮೇಲೋ, ಏನೋ.

ಅವರ ತಮ್ಮ ನಮಗೆಂದು ಚಾಪೆ ಹಾಸಿದರು. ‘ದೂರದಿಂದ ಬಂದಿದ್ದೀರಿ, ಕೂತ್ಕಳಿ’ ಎಂದರು. ನಾವು ಕೂರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು, ‘ಇನ್ನೂ ಹೊತ್ತಾಗುತ್ತೆ, ಎಷ್ಟೊತ್ತು ಅಂತ ನಿಂತಿರ್ತೀರಿ?’ ಎಂದರು. ತಲೆ ನರೆತ ಬ್ಯಾಂಕು ಕೈ ಕಟ್ಟಿಕೊಂಡು, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದ:

‘ಮಿಸ್ ಕೂತವ್ರೆ ಸಾರ್. ನಾವು ಹೆಂಗೆ ಕೂರೋದು?’

ಅವರ ತಮ್ಮನಿಗೆ ಅರ್ಥವಾಗಲಿಲ್ಲ. ಚಾಪೆ ಸುತ್ತಿ ಗೋಡೆಗೆ ಒರಗಿಸಿಟ್ಟು ಹೋದರು. ಮಣ್ಣಾಗುವ ತನಕ ಎಂಟು ಜನವೂ ನಿಂತೇ ಇದ್ದೆವು.